ಐದನೆಯ ನರ

ತಲೆಯ ಹನ್ನೆರಡು ನರಗಳನ್ನು ನನಗೆ ಬಾಯಿಪಾಠ ಮಾಡಿಸಿದವರ ಮೇಲೆ ಇಂದಿಗೂ ಸಿಟ್ಟಿದೆ. ಅವರಿಗಿಂತ ಹೆಚ್ಚು ನನ್ನ ಮೇಲೆ. ಒಂದನೆಯದು ವಾಸನೆಗೆ, ಎರಡನೆಯದು ನೋಟಕ್ಕೆ, ಐದನೆಯದು ಮುಖದ ಸ್ಪರ್ಶಕ್ಕೆ, ನೋವಿಗೆ. ನಿದ್ದೆಗಣ್ಣಿನಲ್ಲಿ ಕೇಳಿದರೂ ಗಡಗಡ ಒಪ್ಪಿಸುತ್ತಿದ್ದೆ.

ಎಂಬತ್ತರ ದಶಕದ ಕೊನೆ. ವೈದ್ಯಕೀಯ ಮೊದಲ ವರ್ಷದ ಪರೀಕ್ಷೆಗೆ ಓದಲೆಂದು ಸತ್ತಿ ಎಂಬ ನಮ್ಮ ಹಳ್ಳಿಗೆ, ನಮ್ಮ ಮನೆಗೆ ಬಂದಿದ್ದೆ. ಪಡಸಾಲೆಯಲ್ಲಿ ಅಜ್ಜನ ಹರಟೆ. ಹಾಗಾಗಿ ಅಡುಗೆಮನೆಯಲ್ಲಿ ಕಾಕಿಯ ಪಕ್ಕ ಕೂತು ಓದುತ್ತಿದ್ದೆ. ಕಾಕಿ ಅಂದರೆ ಅಪ್ಪನ ತಮ್ಮನ ಹೆಂಡತಿ. ಮಾವನೆದುರು ಸೊಸೆ ತಲೆ ಮೇಲೆ ಸೆರಗು ಹೊದೆಯುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಕಾಕಿ ಮಾತ್ರ ಬಲಗೆನ್ನೆಯನ್ನೂ ಪೂರ್ತಿ ಮುಚ್ಚಿ, ಅಂಚನ್ನು ಬಿಗಿಹಿಡಿದು ಓಡಾಡುತ್ತಿದ್ದಳು. ಒಲೆಯ ಮುಂದೆ ಬೆವರಿದರೂ ತೆಗೆಯುತ್ತಿರಲಿಲ್ಲ. "ಸೊಸಿ ಅಂದ್ರ ಹಿಂಗಿರಬೇಕು ನೋಡ್ರಿ," ಎಂದು ಅಜ್ಜ ಬಂದವರ ಮುಂದೆಲ್ಲ ಹೊಗಳುತ್ತಿದ್ದ. ನಾಲ್ಕು ಅಕ್ಷರ ಕಲಿತ ನಾನೂ ಅದನ್ನು ಮರ್ಯಾದೆ ಎಂದೇ ತಿಳಿದಿದ್ದೆ. ಥೂ!

ಅಷ್ಟರಲ್ಲಿ ಅವಳ ಮೂರು ಹಲ್ಲು ಹೋಗಿದ್ದವು. ಹಲ್ಲುನೋವು ಅಂದಾಗಲೆಲ್ಲ ಕಾಕಾ ಅವಳನ್ನು ಸಂತೆಯಲ್ಲಿ ಹಲ್ಲು ಕೀಳುವವನ ಹತ್ತಿರ ಕರೆದೊಯ್ಯುತ್ತಿದ್ದ. ನಾಲ್ಕನೆಯದಕ್ಕೆ ಹೊರಟಾಗ ನನ್ನನ್ನೇ ಕೇಳಿದ.

"ಡಾಕ್ಟರಕಿ ಕಲಿಯಾಕತ್ತಿ. ಕೀಳಸೂದು ಬರೋಬರಿ ಏನ್?"

ಪುಸ್ತಕದಿಂದ ತಲೆ ಎತ್ತದೆ, "ಹೂಂ, ಕೀಳಸ್ರಿ," ಅಂದುಬಿಟ್ಟೆ.

ನಾಲ್ಕನೆಯದನ್ನೂ ಕೀಳಿಸಿಕೊಂಡು ಬಂದ ಮರುದಿನ ಕಾಕಿ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದಳು. ತಣ್ಣೀರು ಬಲಗೆನ್ನೆಗೆ ತಾಗಿದ್ದೇ ತಡ, ಗೋಡೆ ಹಿಡಿದು ಕುಸಿದಳು. ಓಡಿಹೋಗಿ ಹಿಡಿದುಕೊಂಡೆ.

"ಕರೆಂಟ್ ಹೊಡದಂಗ ಆಗತೈತಿ. ಗಾಳಿ ಬಡದ್ರೂ ಹಿಂಗ. ಅದಕ್ಕ ನಾ ಸೆರಗ ಬಿಡಾಂಗಿಲ್ಲ," ಅಂದಳು.

ಎಲ್ಲೆಲ್ಲಿ ನೋವು ಎಂದು ಕೇಳಿದೆ. ಕೆನ್ನೆ ಮುಟ್ಟಲು ಹೆದರಿ, ಬೆರಳನ್ನು ದೂರವೇ ಹಿಡಿದು ತೋರಿಸಿದಳು: ಕಿವಿಯ ಮುಂದಿನಿಂದ ದವಡೆಗುಂಟ ಗದ್ದದವರೆಗೆ. ಐದನೆಯ ನರದ ಮೂರನೆಯ ಕವಲು. ಒಂದು ವಾರದಿಂದ ಅವಳ ಪಕ್ಕದಲ್ಲೇ ಕೂತು, ಅವಳಿಗೆ ಕೇಳುವಂತೆ, ನಾನು ಅದನ್ನೇ ಉರು ಹೊಡೆಯುತ್ತಿದ್ದೆ. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬಂತು.

"ಕಾಕಿ, ಇದು ಹಲ್ಲಿಂದಲ್ಲ. ನರದ್ದು. ಗುಳಿಗಿ ಐತಿ ಅಂತ ನಮ್ಮ ಸರ್ ಹೇಳಿದ್ರು."

ಕಾಕಿ ಬಾಯೊಳಗಿನ ರಕ್ತ ಉಗುಳಿ, ನನ್ನ ಮುಖ ನೋಡಿದಳು.

"ನಾಕೂ ಗಟ್ಟಿ ಹಲ್ಲಿದ್ವು, ಯವ್ವಾ," ಅಂದಳು.