ಒಂದಿನದ ಮಟ್ಟಿಗೆ ಮುಚ್ಚಿದ ಕಿಟಕಿ

ವಿಜಯನಗರದ ನಮ್ಮ ಮನೆ ಮಾರಿ, ಅಟ್ಟ ಖಾಲಿ ಮಾಡುವಾಗ ನನ್ನ ಒಂಬತ್ತನೇ ತರಗತಿಯ ವಿಜ್ಞಾನದ ನೋಟ್‌ಬುಕ್ ಸಿಕ್ಕಿತು. ‘ಪರಮಾಣುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ’ ಎಂದು ನಾನು ಬರೆದ ವಾಕ್ಯದ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ಟ್ಯೂಷನ್ ಮಿಸ್ಸಿನ ಅಕ್ಷರ: ‘ಅಂಟಲ್ಲ. ಹಂಚಿಕೆ.’

ಮಿಸ್ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು. ಎರಡು ಪರಮಾಣುಗಳು ಒಂದು ಜೊತೆ ಎಲೆಕ್ಟ್ರಾನನ್ನು ಎರಡರದೂ ಎಂಬಂತೆ ಇಟ್ಟುಕೊಳ್ಳುತ್ತವೆ, ಅದೂ ಒಂದು ಬಂಧ ಎಂದು ಕಲಿಸಿದ್ದು ಅವರೇ. ರಕ್ತದ ಕಬ್ಬಿಣ ಆಮ್ಲಜನಕವನ್ನು ಹಿಡಿಯುತ್ತದೆ, ಬೇಕಾದಲ್ಲಿ ಬಿಡುತ್ತದೆ. ಆ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಬಂದು ಕೂತರೆ ಸುಲಭಕ್ಕೆ ಏಳುವುದಿಲ್ಲ ಎಂದೂ ಹೇಳಿದ್ದರು.

“ಹಾಗಾದ್ರೆ ಅದೇ ಪಕ್ಕಾ ಲವ್ ಅಲ್ವಾ ಮಿಸ್?” ಎಂದಿದ್ದೆ.

“ಲವ್ವೂ ಇಲ್ಲ, ಬದನೇಕಾಯಿನೂ ಇಲ್ಲ. ಅದು ಬಿಡದೇ ಇರೋದಕ್ಕೇ ಜನ ಸಾಯೋದು ಕಣೇ.”

ಹೀಗೆಯೇ ಅಂದರೋ... ಆಮೇಲೆ ನಡೆದದ್ದಕ್ಕೆ ಹೊಂದಲಿ ಎಂದು ನಾನೇ ಅವರ ಬಾಯಿಗೆ ಇಟ್ಟೆನೋ. ನನಗೇ ನಂಬಿಕೆಯಿಲ್ಲ.

ಇಪ್ಪತ್ತು-ಮೂವತ್ತು ಅಡಿಯ ಸೈಟುಗಳು, ಗೋಡೆಗೆ ಗೋಡೆ ತಾಗುವಂಥ ಮನೆಗಳು. ಅವರ ಬಚ್ಚಲಿನ ಕಿಟಕಿ ನಮ್ಮ ಮೆಟ್ಟಿಲಿಗೇ ತೆರೆಯುತ್ತಿತ್ತು. ಒಳಗೆ ಗ್ಯಾಸ್ ಗೀಸರ್. ಗಾಳಿಯಾಡದಿದ್ದರೆ ಅದರ ಉರಿಯಿಂದ ಹುಟ್ಟುವುದೂ ಅದೇ ಕಾರ್ಬನ್ ಮಾನಾಕ್ಸೈಡ್. ನಾವು ಹೊಸದಾಗಿ ಕಟ್ಟಿಸಿದ ಮೇಲಿನ ಮನೆಯ ಗೃಹಪ್ರವೇಶದ ಬೆಳಗ್ಗೆ ಹೋಗಿ ಹೇಳಿದೆ: “ಮಿಸ್, ನೆಂಟರು ಮೆಟ್ಲು ಹತ್ತಿ ಇಳೀತಾರೆ, ಇವತ್ತೊಂದಿನ ಆ ಕಿಟಕಿ ಮುಚ್ಕೋಬೇಕಂತೆ. ಅಮ್ಮ ಹೇಳಿದ್ರು.”

“ಆಯ್ತು ಬಿಡೇ, ಒಂದಿನ ತಾನೆ. ಸ್ನಾನ ಮಾಡಿ ಬಂದ್ಬಿಡ್ತೀನಿ.”

ಕದವಿಲ್ಲದ ಆ ಕಿಟಕಿಗೆ ಅವರು ಥರ್ಮೋಕೋಲ್ ತುರುಕುತ್ತಿದ್ದುದನ್ನು ಕಂಡೆ. ಅಷ್ಟೆಲ್ಲ ಗೊತ್ತಿದ್ದವರು... ಐದೇ ನಿಮಿಷ ಎಂದುಕೊಂಡರೇನೋ. ಮಧ್ಯಾಹ್ನ ಎಲೆ ಹಾಕಿದರೂ ಬರಲಿಲ್ಲ. ಪಂಕ್ತಿಯಿಂದ ಎದ್ದುಹೋದ ಗಂಡಸರು ಬಚ್ಚಲ ಬಾಗಿಲು ಒಡೆದರು. ಜೀವ ಹೋಗಿದ್ದರೂ ಮಿಸ್ಸಿನ ಕೆನ್ನೆ ಕೆಂಪಗಿತ್ತು, ಆರೋಗ್ಯವಂತರ ಹಾಗೆ.

ಇಷ್ಟು ವರ್ಷ ನನ್ನೊಳಗೆ ತಪ್ಪು ಅಮ್ಮನದಾಗಿತ್ತು. ಅಟ್ಟದಿಂದ ಇಳಿದವಳು ಮೊದಲ ಸಲ ಕೇಳಿಬಿಟ್ಟೆ: “ಅವತ್ತು ಕಿಟಕಿ ಮುಚ್ಚೋಕೆ ಯಾಕಮ್ಮ ಹೇಳಿ ಕಳಿಸ್ದೆ?”

ಪಾತ್ರೆಗೆ ಪೇಪರ್ ಸುತ್ತುತ್ತಿದ್ದ ಅಮ್ಮನ ಕೈ ನಿಂತಿತು. “ನಾನಾ? ನಿನ್ನ ಕಳಿಸಿದ್ದು ತಿಂಡಿಗೆ ಕರಿಯೋಕೆ ಕಣೇ. ಕಿಟಕಿ ಮಾತು ಎಲ್ಲಿಂದ ಬಂತು?”

ನಮ್ಮಿಬ್ಬರಲ್ಲಿ ಒಬ್ಬರು ಮರೆತಿದ್ದೇವೆ. ಅವತ್ತು ನನ್ನ ಶಾಲೆಯ ಗೆಳತಿಯರು ಬರುವವರಿದ್ದರು. ಮೆಟ್ಟಿಲು ಹತ್ತುವಾಗ ಅವರಿಗೆ ಮಿಸ್ ಸ್ನಾನ ಮಾಡುವ ಸದ್ದು ಕೇಳಿಸುತ್ತದಲ್ಲ ಎಂದು ನನಗೆ ನಾಚಿಕೆಯಾಗಿತ್ತು. ಅದು ಮಾತ್ರ ಸ್ಪಷ್ಟವಾಗಿ ನೆನಪಿದೆ. ನಾನು ಏನಂದೆ ಎಂದು ಕೇಳಿಸಿಕೊಂಡವರು ಮಿಸ್ ಒಬ್ಬರೇ. ಅವರನ್ನು ಕೇಳೋಣವೆಂದರೆ...