ಬೆಂಗೇರಿಗೆ ಹೋದ ರೊಟ್ಟಿ ಹಲಗಿ

ಆ ದಿನ ಮಧ್ಯಾಹ್ನದೊಳಗೆ ನಾನು ಮಾಡಿದ ಕೆಲಸ ಇಷ್ಟು: ಅಕ್ಕಿಯೊಳಗಿನ ಹಳ್ಳು ಆರಿಸಿದೆ, ದೇವರಿಗೆ ಹೂಬತ್ತಿ ಹೊಸೆದೆ, ಬಳ್ಳೊಳ್ಳಿ ಸುಲಿದೆ, ಗಂಡನ ಅಂಗಿಗೆ ಎರಡು ಗುಂಡಿ ಹಚ್ಚಿದೆ, ಕಾರಣವಿಲ್ಲದೆ ಮೂರು ಸಲ ಅಳುತ್ತ ಕೂತೆ.

ಅರವತ್ತರ ದಶಕದ ಮಾತು. ಮುಂಬಯಿಯಲ್ಲಿ ಎಡ ಪಕ್ಕೆಲುಬಿನ ನಡುವೆ ಕೊಯ್ದು, ಹೃದಯದ ಬಿಗಿದ ಕವಾಟ ಬಿಡಿಸಿ, ನನ್ನನ್ನು ಹುಬ್ಬಳ್ಳಿಯ ಮನೆಗೆ ಕಳಿಸಿ ಮೂರು ತಿಂಗಳಾಗಿತ್ತು. ಕೊಡ ಎತ್ತಬಾರದು, ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಹೆರಳು ಹಾಕಿಕೊಳ್ಳುತ್ತ ಅರ್ಧಕ್ಕೇ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗುವ ಹಾಗಾಗುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಮಾತಾಡಿಸಲು ಬಂದವರದೆಲ್ಲ ಒಂದೇ ಮಾತು: ಜೀವ ಉಳೀತಲ್ಲ, ಇನ್ನೇನು ಬೇಕು. ಅತ್ತರೆ ಸೊಕ್ಕು ಎನ್ನುವರು. ಅಂಥವರ ಮೇಲೆ ಸಿಟ್ಟಾದರೂ ಬರಬೇಕಿತ್ತು, ಅದೂ ಬರುತ್ತಿರಲಿಲ್ಲ.

ಮಧ್ಯಾಹ್ನ ಒಳಗೆ ನೆಗೆಣ್ಣಿ ರೊಟ್ಟಿ ಬಡಿಯತೊಡಗಿದಳು. ಅದು ನನ್ನ ಹಲಗಿಯ ಸಪ್ಪಳವಲ್ಲ. ಹದಿನೆಂಟು ವರ್ಷ ನಾನು ಬಡಿದ ಬೇವಿನ ಹಲಗಿಯದು ದಪ್ಪ ದನಿ. ಇದು ತೆಳ್ಳಗೆ ಟಪಟಪ ಅಂತಿತ್ತು. ಗೋಡೆ ಹಿಡಿದು ಅಡಿಗೆಮನೆಗೆ ಹೋಗಿ, ನನ್ನ ಹಲಗಿ ಎಲ್ಲಿ ಎಂದು ಕೇಳಿದೆ. ಪುಂಡಿಸೊಪ್ಪು ಸೋಸುತ್ತಿದ್ದ ಅತ್ತಿ ತಲೆ ಎತ್ತಲಿಲ್ಲ. ನಿನ್ನೆ ಊರ ಪಕ್ಕದ ಬೆಂಗೇರಿಯಿಂದ ಬಂದಿದ್ದ ತಮ್ಮ ಮಗಳ ಕೈಗೆ ಕೊಟ್ಟು ಕಳಿಸಿದ್ದರಂತೆ.

"ನೀ ಇನ್ನ ಎಲ್ಲಿ ರೊಟ್ಟಿ ಬಡೀತಿ ಯವ್ವಾ? ಕಣ್ಣಿಗೆ ಬಿದ್ರ ಸುಮ್ನ ಸಂಕಟ ಪಡ್ತಿ ಅಂತ ಕೊಟ್ನಿ."

"ಸತ್ತವರ ಸಾಮಾನು ಹಂಗ ಹಂಚ್ತಾರ್ರಿ ಅತ್ತಿ. ನಾ ಇನ್ನೂ ಸತ್ತಿಲ್ಲ."

ನೆಗೆಣ್ಣಿಯ ಕೈ ಹಿಟ್ಟಿನ ಮೇಲೇ ನಿಂತಿತು. ನನ್ನ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಹೊಡೆದುಕೊಳ್ಳಲಿ, ಅದಕ್ಕೇ ಅಲ್ಲವೇ ಅಷ್ಟು ಕೊಯ್ದದ್ದು.

ಕಚೇರಿಯಿಂದ ಬಂದ ಗಂಡ, ನಾಳೆ ತಂದರಾಯಿತು ಎಂದರು. ಈಗಲೇ ಎಂದೆ. ಮಗಳಿಗೆ ಕೊಟ್ಟದ್ದನ್ನು ವಾಪಸ್ ಕೇಳಿದರೆ ಮನೆತನದ ಮರ್ಯಾದೆ ಏನಾದೀತು ಎಂದು ಅತ್ತಿ ಗೊಣಗಿದರು. ಇವರು ಬಿಚ್ಚಿದ ಚಪ್ಪಲಿ ಮತ್ತೆ ಮೆಟ್ಟಿ, "ಮುಂಬಯ್ಯಾಗ ಎದಿ ಕೊಯ್ದಾರೋ, ನಾಲಿಗಿ ಮಸದಾರೋ" ಎನ್ನುತ್ತ ಸೈಕಲ್ ಹತ್ತಿದರು.

ದೀಪ ಹಚ್ಚುವ ಹೊತ್ತಿಗೆ ಹಲಗಿ ಕ್ಯಾರಿಯರಿನ ಮೇಲೆ ಬಂತು. ಎಡಗೈ ಏಳಲಿಲ್ಲ. ಬಲಗೈ ಒಂದರಲ್ಲೇ ಬಡಿದೆ. ಸಾಕು ಬಿಡು ಎಂದರು ಅತ್ತಿ. ಬಿಡಲಿಲ್ಲ. ಎರಡು ರೊಟ್ಟಿಗೆ ಸೆರಗೆಲ್ಲ ಬೆವರಾಯಿತು. ಮುಂದೆ ಎಷ್ಟೋ ದಿನ ಮತ್ತೆ ಗೋಡೆ ಕಡೆ ಮುಖ ಮಾಡಿದ್ದುಂಟು. ಆದರೆ ಹಲಗಿಯನ್ನು ಮಂಚದ ಕೆಳಗೇ ಇಟ್ಟುಕೊಂಡಿದ್ದೆ.

ಆ ರಾತ್ರಿ ಪುಂಡಿಪಲ್ಯ, ಉಳ್ಳಾಗಡ್ಡಿ, ಅಂಚು ಹರಿದ ನನ್ನ ಎರಡು ರೊಟ್ಟಿ. ಒಂದನ್ನು ಅತ್ತಿ ತಿಂದು, ಎಲ್ಲರಿಗಿಂತ ಮೊದಲು ಮಲಗಿದರು. ಹಲಗಿ ಎಲ್ಲಿಟ್ಟೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.