ಮೂರು ಹೆಜ್ಜೆ ಓರೆಯಾದ ಮೆಟ್ಟಿಲು

ಮಳೆಯಲ್ಲಿ ನೆನೆದ ತೆಂಗಿನ ನಾರಿನ ಹಗ್ಗಕ್ಕೆ ಒಂದು ವಾಸನೆ ಇದೆ. ಹಸಿ ಮಣ್ಣಿನದೂ ಅಲ್ಲ, ಕೊಬ್ಬರಿಯದೂ ಅಲ್ಲ, ಒಂದು ಬಗೆಯ ಒಗರು. ಹೋದ ವಾರ ರಾಜಾಜಿನಗರದ ಹಾರ್ಡ್‌ವೇರ್ ಅಂಗಡಿಯೊಂದರ ಮುಂದೆ ಬಸ್ಸಿಗೆ ಕಾಯುತ್ತಿದ್ದಾಗ, ಹೊರಗಿಟ್ಟಿದ್ದ ಹಗ್ಗದ ಸುರುಳಿಗಳು ತೊಯ್ದು ಆ ವಾಸನೆ ಮೂಗಿಗೆ ಬಡಿಯಿತು. ಹೊತ್ತು ತಪ್ಪಿಸುವವಳಲ್ಲ ನಾನು. ಆದರೂ ಅಂದು ಎರಡು ಬಸ್ಸು ಬಿಟ್ಟೆ.

ನಮ್ಮ ಮನೆ ಕಾಲೇಜಿನ ಫುಟ್‌ಬಾಲ್ ಮೈದಾನದ ಮೂಲೆಯಲ್ಲಿತ್ತು. ಅಪ್ಪ ಮುನಿಯಪ್ಪ ಆ ಮೈದಾನ ನೋಡಿಕೊಳ್ಳುವ ಮಾಲಿ. ಹೆಂಚಿನ ಎರಡು ಕೋಣೆ, ಹಿಂದೆ ಒಗೆಯುವ ಕಲ್ಲು, ಮುಂದೆ ಗೋಲಿನ ಕಂಬ. ಐದಕ್ಕೆ ಎಲ್ಲರೂ ಏಳಬೇಕು. ಐದೂವರೆಗೆ ಅಮ್ಮ ಅಂಗಳಕ್ಕೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದಳು, ಆಚೆ ಅಪ್ಪ ಬಗ್ಗಿ ಸುಣ್ಣದ ಗೆರೆ ಎಳೆಯುತ್ತಿದ್ದರು. ಗೆರೆ ಒಣಗುವ ತನಕ ಪ್ರಿನ್ಸಿಪಾಲರೂ ಅದನ್ನು ದಾಟುವಂತಿರಲಿಲ್ಲ, ಸುತ್ತಿ ಬರಬೇಕಿತ್ತು. ಆಗ ಅದು ಸ್ಟೇಡಿಯಂ ಅಲ್ಲ. ರಾಗಿ ಹೊಲ ಮಟ್ಟ ಮಾಡಿದ ಬಯಲು, ಸರ್ವೆ ಮರದ ಕಂಬಗಳು, ಕೂರಲು ಮಣ್ಣಿನ ದಿಬ್ಬ. ಫ್ಯಾಕ್ಟರಿಯ ಶಿಫ್ಟ್ ಮುಗಿಸಿದವರು ಊಟದ ಡಬ್ಬಿ ಕಂಕುಳಲ್ಲಿಟ್ಟುಕೊಂಡೇ ಬಂದು ಆ ದಿಬ್ಬದ ಮೇಲೆ ಕೂಗಾಡುತ್ತಿದ್ದರು.

ನನಗೆ ಒಂಬತ್ತು ತುಂಬಿದಾಗ ಪಶ್ಚಿಮದ ಬದಿಗೆ ಕಲ್ಲಿನ ಮೆಟ್ಟಿಲು ಕಟ್ಟಿಸುವುದೆಂದು ತೀರ್ಮಾನವಾಯಿತು. ಅಳೆದು ಗೆರೆ ಹಾಕಿಕೊಡುವ ಕೆಲಸ ಅಪ್ಪನದು, ಅಳತೆಗೆ ಅವರದೇ ಒಂದು ನಾರಿನ ಹಗ್ಗ. ಮೈದಾನದ ಉತ್ತರದ ತುದಿಯ ಅಗಲವನ್ನು ಬಿಸಿಲಲ್ಲಿ ಅಳೆದರು. ಅಷ್ಟರಲ್ಲಿ ಮಳೆ ಹಿಡಿಯಿತು. ಮಾರನೆಯ ಬೆಳಿಗ್ಗೆ ದಕ್ಷಿಣದ ತುದಿಯನ್ನು ಅದೇ ಹಗ್ಗದಿಂದ, ಒದ್ದೆಯಿರುವಾಗಲೇ ಅಳೆದರು. ನೆನೆದ ನಾರು ಬಿಗಿದು ಗಿಡ್ಡವಾಗುತ್ತದೆಂಬುದು ಬಾವಿ ಸೇದಿದವರಿಗೆಲ್ಲ ಗೊತ್ತು. ಅಪ್ಪನಿಗೂ ಗೊತ್ತಿತ್ತು. ಆದರೆ ಗಾರೆಯವರು ಬಂದು ಕಾಯುತ್ತಿದ್ದರು, ಅವಸರಪಟ್ಟರು. ಆ ಗೆರೆಯ ಮೇಲೆಯೇ ಮೆಟ್ಟಿಲು ಎದ್ದಿತು. ಮೊದಲ ಪಂದ್ಯದ ಮುಂಚೆ ಒಣಗಿದ ಹಗ್ಗ ಹಿಡಿದು ನೋಡಿದರೆ ದಕ್ಷಿಣದ ತುದಿ ಮೂರು ಹೆಜ್ಜೆ ಕಡಿಮೆ. ಮೆಟ್ಟಿಲ ಸಾಲು ಪೂರ್ತಿ ಓರೆ.

ಡ್ರಿಲ್ ಮೇಷ್ಟ್ರು ನಕ್ಕುಬಿಟ್ಟರು. "ಬಿಡೋ ಮುನಿಯಪ್ಪ, ಯಾರ್ ಬಂದು ಅಳೀತಾರೆ ಇದನ್ನ?"

"ನಾನೇ ಅಳೀತೀನಲ್ಲ ಸಾರ್, ವಾರ ವಾರ."

ಮನೆಗೆ ಬಂದರೆ ಅಮ್ಮ ಬಾಗಿಲಿಗೇ ನಿಂತಳು. "ಪ್ರಿನ್ಸಿಪಾಲ್ರ ಹತ್ರ ಬಾಯ್ಬಿಟ್ರೆ ನೋಡಿ. ಕೆಲ್ಸ ಹೋದ್ರೆ ಮನೇನೂ ಹೋಗುತ್ತೆ. ಮಕ್ಳನ್ನ ಗೋಲ್ ಕಂಬದ ಕೆಳಗೆ ಮಲಗಿಸ್ತೀರಾ?" ಅಪ್ಪ ಕೈಕಾಲು ತೊಳೆದುಕೊಂಡರು. ಒಗೆದ ಅಂಗಿ ಹಾಕಿಕೊಂಡು ನನ್ನ ಕೈ ಹಿಡಿದು ಹೊರಟರು. ಮೆಟ್ಟಿಲು ಓರೆ ಎಂದಾಗ ಪ್ರಿನ್ಸಿಪಾಲರು ಕೇಳಿದ್ದು ಒಂದೇ ಮಾತು: "ಮೇಸ್ತ್ರಿ ತಪ್ಪಾ?" ಹೌದೆಂದರೆ ಅಲ್ಲಿಗೆ ಮುಗಿಯುತ್ತಿತ್ತು. "ಇಲ್ಲ ಸಾರ್, ಅವ್ನು ಗೆರೆ ಮೇಲೇ ಕಟ್ದ. ಹಗ್ಗ ನಂದು, ಅವಸರಾನೂ ನಂದೇ," ಅಂದರು ಅಪ್ಪ. ಅವರ ಅಂಗೈಯ ಬೆವರು ನನ್ನ ಕೈಗೆ ಹತ್ತುತ್ತಿತ್ತು. ಪ್ರಿನ್ಸಿಪಾಲರು ಎದ್ದು ಹೋಗಿ ಮೆಟ್ಟಿಲ ಸಾಲಿನ ಉದ್ದಕ್ಕೂ ನಡೆದು ಬಂದರು. "ಕಟ್ಟಿದ್ದು ಹಾಗೇ ಇರ್ಲಿ. ಗೆರೆ ನೆಟ್ಟಗೆ ಹಾಕು," ಎಂದು ಒಳಗೆ ಹೋದರು. ಮನೆ ಉಳಿಯಿತು.

ದಕ್ಷಿಣದ ಅಗಲಕ್ಕೇ ಎಳೆದ ನೆಟ್ಟಗಿನ ಗೆರೆಗೂ ಓರೆ ಮೆಟ್ಟಿಲಿಗೂ ನಡುವೆ ಉತ್ತರದ ಕಡೆಗೆ ಅಗಲವಾಗುತ್ತ ಹೋಗುವ ಒಂದು ಜಾಗ ಉಳಿಯಿತು. ಮೆಟ್ಟಿಲ ಮೇಲೆ ಗಂಡಸರ ನೂಕಾಟ, ಹಾಗಾಗಿ ಸುತ್ತಲಿನ ಹೆಂಗಸರು ಅಲ್ಲಿ ಚಾಪೆ ಹಾಸಿದರು. ಅವರೆಕಾಯಿ ಸುಲಿಯುತ್ತ, ಅಮ್ಮನೂ ಸೇರಿದಂತೆ, ರೆಫರಿಗೆ ಬೈದರು. "ಕಣ್ ಕಾಣಲ್ವೇನಯ್ಯಾ ನಿಂಗೆ!" ಎಂಬ ಅಮ್ಮನ ಕೂಗು ರಸ್ತೆಯವರೆಗೂ ಕೇಳುತ್ತಿತ್ತು.

ಆಮೇಲೆ ಮೈದಾನ ಬೆಳೆಯಿತು. ಕಬ್ಬಿಣದ ಕಂಬ ಬಂತು, ಮೆಟ್ಟಿಲಿಗೆ ಸೂರು ಬಂತು, ದೀಪ ಬಂತು, ಪ್ಲಾಸ್ಟಿಕ್ ಕುರ್ಚಿ ಬಂತು. ಅಪ್ಪ ನಿವೃತ್ತರಾದ ಮೇಲೆ ಆಟಗಾರರ ಕೋಣೆಗೆಂದು ನಮ್ಮ ಮನೆ ಕೆಡವಿದರು. ಅಪ್ಪ ಅಮ್ಮ ಇಬ್ಬರೂ ಈಗಿಲ್ಲ. ನೀವು ಹುಟ್ಟಿದ ಮನೆಯ ಜಾಗದಲ್ಲೂ ಇಂದು ಇನ್ನೇನೋ ಇರಬಹುದು. ಒಲೆ ಎಲ್ಲಿತ್ತೆಂದು ಹುಡುಕಿ, ಸಿಗದೆ, ಸುಮ್ಮನೆ ಹಿಂದಿರುಗಿದ್ದು ನಿಮಗೂ ಗೊತ್ತಿರುತ್ತದೆ.

ಈಗ ಹಳೆಯ ಮೆಟ್ಟಿಲು ಕೆಡವಿ ಕೃತಕ ಹುಲ್ಲು ಹಾಸುತ್ತಾರಂತೆ. ಯಂತ್ರವಿಟ್ಟು ಅಳೆದ ಇಂಜಿನಿಯರ್ ಹುಡುಗ ಓರೆಯನ್ನು ಕಂಡುಹಿಡಿದಿದ್ದಾನೆ. ಸ್ಮರಣ ಸಂಚಿಕೆಗೆ ಮೈದಾನದ ಇತಿಹಾಸ ಬರೆದುಕೊಡಿ ಎಂದು ಕಾಲೇಜಿನವರು ಕೇಳಿದರು, ನಡೆದದ್ದನ್ನು ನಡೆದಂತೆ ಬರೆದು, ಅವರು ಹೇಳಿದ ದಿನಕ್ಕೇ ಕೊಟ್ಟೆ. ಸಂಚಿಕೆಯ ಕಾರ್ಯದರ್ಶಿ ಒಳ್ಳೆಯ ಹುಡುಗ, ಮೆಲ್ಲಗೆ ಹೇಳಿದ: "ಆಂಟಿ, ಕಾಂಟ್ರಾಕ್ಟರ್ ಮಿಸ್ಟೇಕ್ ಅಂತ ಹಾಕ್ಬಿಡೋಣ. ಆ ಮೇಸ್ತ್ರಿ ಹೋಗ್ಬಿಟ್ಟು ಎಷ್ಟೋ ವರ್ಷ ಆಯ್ತು. ನಿಮ್ ತಂದೆ ಹೆಸ್ರಿಗೆ ಯಾಕೆ ಮಸಿ?"

"ಇದ್ದ ಹಾಗೆ ಹಾಕಪ್ಪ. ಇಲ್ಲ ಅಂದ್ರೆ ವಾಪಸ್ ಕೊಡು."

"ಕಮಿಟಿ ಒಪ್ಪಲ್ಲ ಆಂಟಿ."

ಮರುದಿನ ಹತ್ತು ಗಂಟೆಗೆ ಸರಿಯಾಗಿ ಹೋಗಿ ಹಾಳೆಗಳನ್ನು ವಾಪಸು ತಂದೆ. ನೀವು ಓದುತ್ತಿರುವುದು ಅವನ್ನೇ, ಕೊನೆಗೆ ಇಷ್ಟನ್ನು ಸೇರಿಸಿದ್ದೇನೆ. ಮೆಟ್ಟಿಲು ಕೆಡವಲಿ, ನೆಟ್ಟಗೆ ಕಟ್ಟಲಿ. ಆಡುವ ಮಕ್ಕಳಿಗೆ ಒಳ್ಳೆಯದೇ. ಅಪ್ಪನಿಗೆ ಆಸ್ತಿ ಎಂದು ಏನೂ ಇರಲಿಲ್ಲ. ಮನೆಯೂ ಕಾಲೇಜಿನದು, ಮೈದಾನವೂ ಕಾಲೇಜಿನದು. ಆ ತಪ್ಪೊಂದೇ ಅವರ ಸ್ವಂತದ್ದು. ಯಾರೂ ಕೇಳದಿದ್ದಾಗಲೂ ಹೋಗಿ, ನನ್ನದು ಎಂದು ಹೇಳಿ ಉಳಿಸಿಕೊಂಡಿದ್ದರು. ಅದನ್ನು ಇನ್ನೊಬ್ಬರ ಹೆಸರಿಗೆ ನಾನು ಬರೆದುಕೊಡುವುದಿಲ್ಲ.